ಕೌದಿಯ ಹೊಟ್ಟೆ

ನಮ್ಮ ಕಚೇರಿಗೆ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದದ್ದು ಟಿಪ್ಪಣಿ ಬರೆಯುವುದನ್ನಲ್ಲ, ದಬ್ಬಣ ಹಿಡಿಯುವುದನ್ನು. ಬೇರೆ ವಿಭಾಗದವರೆಲ್ಲ ಕಾಗದಕ್ಕೆ ಪಿನ್ನು ಹೊಡೆದು, ಟ್ಯಾಗು ಸಿಕ್ಕಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲೂ ನಮ್ಮ ವಿಭಾಗದಲ್ಲಿ ಮಾತ್ರ ಮುಗಿದ ಕಡತಗಳನ್ನು ದಬ್ಬಣಕ್ಕೆ ಬಿಳಿ ದಾರ ಪೋಣಿಸಿ ಹೊಲಿಯಬೇಕಿತ್ತು. ಅದು ಸರ್ಕಾರದ ನಿಯಮವಲ್ಲ, ನಮ್ಮ ಸೂಪರಿಂಟೆಂಡೆಂಟರ ನಿಯಮ. ಹೊಲಿಗೆ ಒಂದು ಎಳೆ ವಾಲಿದರೂ ಅವರು ಕಡತವನ್ನು ಮೇಜಿನ ಮೇಲೆ ಮೆಲ್ಲಗೆ ನಮ್ಮ ಕಡೆಗೆ ತಳ್ಳಿ, ಕನ್ನಡಕದ ಮೇಲಿನಿಂದ ನೋಡಿ ಎರಡೇ ಮಾತು ಹೇಳುತ್ತಿದ್ದರು. "ಬಿಚ್ಚಿ ಹೊಲೀರಿ."

ಆ ಎರಡು ಮಾತಿಗೆ ನಾವು ಹೆದರಿದಷ್ಟು ಯಾವ ದೊಡ್ಡ ಅಧಿಕಾರಿಗೂ ಹೆದರಿದವರಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಏರುದನಿಯೂ ಇರಲಿಲ್ಲ. ಬೈದಿದ್ದರೆ ನಾವೂ ಬೆನ್ನ ಹಿಂದೆ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆವು. ನನ್ನ ಹೊಲಿಗೆಯಂತೂ ಹುಟ್ಟಿನಿಂದಲೇ ಸೊಟ್ಟ. ಆ ಕಚೇರಿಯಲ್ಲಿ ನನ್ನಷ್ಟು ಬಿಚ್ಚಿ ಹೊಲಿದವರು ಇನ್ನೊಬ್ಬರಿಲ್ಲ. ಒಮ್ಮೆ ಸಾಕಾಗಿ ಕೇಳಿಯೇಬಿಟ್ಟೆ, ಒಳಗಿನ ಕಾಗದ ಸರಿಯಾಗಿದ್ದರೆ ಸಾಲದೇ, ಹೊಲಿಗೆಯನ್ನು ಯಾರು ನೋಡುತ್ತಾರೆ ಎಂದು. ಅವರು "ಬಿಚ್ಚೋರು ನೋಡ್ತಾರೆ ಮೇಡಂ" ಎಂದರು. ಹೋಗಿ ಬಿಚ್ಚಿದೆ.

ಅವರು ತೀರಿಕೊಂಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಹರಿಹರದ ಹಳೇ ಊರಿನವರೆಲ್ಲ ಓದುತ್ತಾರೆ, ತಮ್ಮ ಬಗ್ಗೆ ಊರು ಮಾತಾಡುವುದು ಅವರಿಗೆ ಎಂದೂ ಹಿಡಿಸಿದ್ದಲ್ಲ. ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಅಷ್ಟು ಸಣ್ಣ ದಾರಿಗೂ ಸೀಟಿನ ಮೇಲೆ ಕರವಸ್ತ್ರ ಹಾಸಿಯೇ ಕೂರುವುದು. ಸಂಜೆ ನಾವೆಲ್ಲ ಮಂಡಕ್ಕಿ-ಮಿರ್ಚಿ ತರಿಸಿ ಪೇಪರಿನ ಮೇಲೆ ಸುರಿದುಕೊಂಡು ಮುಕ್ಕುತ್ತಿದ್ದರೆ, ಅವರು ಚೀಲದಿಂದ ಚಮಚ ತೆಗೆದು ಮಂಡಕ್ಕಿಯನ್ನು ಔಷಧಿ ತಿಂದಂತೆ ತಿನ್ನುತ್ತಿದ್ದರು. ಎಣ್ಣೆಗೈ ಕಡತಕ್ಕೆ ತಾಗಬಾರದು. ಮಿರ್ಚಿಯನ್ನು ಚಮಚದಲ್ಲಿ ತಿನ್ನಲು ಬರುವುದಿಲ್ಲವಲ್ಲ, ಅದಕ್ಕೆ ಮಿರ್ಚಿಯನ್ನೇ ಬಿಟ್ಟಿದ್ದರು. ದಾವಣಗೆರೆಯಲ್ಲಿ ಇಡೀ ನೌಕರಿ ಮುಗಿಸಿ ಮಿರ್ಚಿ ಮುಟ್ಟದೆ ಹೋದವರು ಅವರೊಬ್ಬರೇ ಇರಬೇಕು. ಇಂಥವರ ಮನೆಯಲ್ಲಿ ಹೆಂಡತಿ ಹೇಗೆ ಬಾಳುತ್ತಾಳೋ ಪಾಪ ಎಂದು ನಾವು ಹೆಂಗಸರು ಮಾತಾಡಿಕೊಳ್ಳುತ್ತಿದ್ದೆವು.

ಆ ಹೆಂಡತಿಯನ್ನು ನಾನು ಸರಿಯಾಗಿ ನೋಡಿದ್ದು ಆಸ್ಪತ್ರೆಯ ಮೊಗಸಾಲೆಯಲ್ಲಿ. ನಿವೃತ್ತಿಯಾದ ಮರುವರ್ಷ ನಮ್ಮ ಸಾಹೇಬರಿಗೆ ಲಕ್ವ ಹೊಡೆಯಿತು. ಹರಿಹರದಿಂದ ದಾವಣಗೆರೆಗೆ ತಂದು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನನ್ನ ಮನೆ ದೇವರಾಜ ಅರಸು ಬಡಾವಣೆಯಲ್ಲಿ. ಊರಲ್ಲೇ ಇದ್ದೀನಲ್ಲ ಎಂದು ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಒಂದು ಫ್ಲಾಸ್ಕು ಕಾಫಿ ಹಿಡಿದು ಹೋಗುತ್ತಿದ್ದೆ. ಅದು ಗಂಡಸರ ವಾರ್ಡು. ಜೊತೆಗೆ ಬಂದ ಹೆಂಗಸರು ಕತ್ತಲಾದ ಮೇಲೆ ಒಳಗಿರುವಂತಿಲ್ಲ, ಹೊರಗೆ ಮೊಗಸಾಲೆಯಲ್ಲೇ ಮಲಗಬೇಕು. ಅಕ್ಕಾರು, ಅಂದರೆ ಅವರ ಹೆಂಡತಿ, ನೆಲಕ್ಕೆ ಪೇಪರು ಹಾಸಿ ಮಲಗುತ್ತಿದ್ದರು. ಮಗ ಹಾಸಿಗೆ ತರುತ್ತೇನೆಂದರೂ, ಇವತ್ತೋ ನಾಳೆಯೋ ಬಿಡುತ್ತಾರಂತೆ, ಯಾಕೆ ಸುಮ್ಮನೆ ಹೊರೆ ಎಂದು ಬೇಡವೆಂದಿದ್ದರು. ಆ ಇವತ್ತು-ನಾಳೆ ಎಳೆದು ಎಳೆದು ಮೂರು ವಾರವಾಯಿತು.

ಸಾಹೇಬರ ಮಂಚ ಬಾಗಿಲಿಗೆ ಎದುರಾಗಿತ್ತು. ಬಾಗಿಲ ಗಾಜಿನಿಂದ ಅವರಿಗೆ ಬೆಳಿಗ್ಗೆ ಬೆಳಿಗ್ಗೆ ಕಾಣುತ್ತಿದ್ದದ್ದು ಹೆಂಡತಿ ಎದ್ದು ಕೂತು ಪೇಪರು ಮಡಿಚುವುದು. ಒಂದು ದಿನ ಅಕ್ಕಾರು ಒಳಗೆ ಬಂದು ಅವರಿಗೆ ಕಾಫಿ ಕುಡಿಸುತ್ತಿದ್ದಾಗ ನಾನೂ ಅಲ್ಲಿದ್ದೆ. ಅಕ್ಕಾರ ಮೊಣಕೈಗೆ ಪೇಪರಿನ ಅಕ್ಷರ ಅಚ್ಚಾಗಿ ಅಂಟಿಕೊಂಡಿತ್ತು. ಸಾಹೇಬರು ಅದನ್ನೇ ನೋಡುತ್ತಿದ್ದರು. ಆಗ ಅವರಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಸ್ವಾಧೀನದಲ್ಲಿದ್ದ ಬಲಗೈಯಿಂದ ಆ ಅಕ್ಷರಗಳನ್ನು ಹೆಬ್ಬೆರಳಲ್ಲಿ ತಿಕ್ಕಿದರು. ಹೋಗಲಿಲ್ಲ. ಮತ್ತೆ ತಿಕ್ಕಿದರು. ಅಕ್ಕಾರು ನಾಚಿಕೊಂಡು ಕೈ ಎಳೆದುಕೊಂಡರು.

ಮನೆಗೆ ಹೋದ ಮೇಲೆ ಮಾತು ಮುಕ್ಕಾಲು ಮರಳಿತು, ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದರು. ಎಡಗೈ ಮಾತ್ರ ಮರಳಲಿಲ್ಲ, ತೊಡೆಯ ಮೇಲೆ ಬೇರೆಯವರ ಕೈಯಿಟ್ಟಂತೆ ಬಿದ್ದಿರುತ್ತಿತ್ತು. ಡಾಕ್ಟರು ಹಿಸುಕಲು ಒಂದು ರಬ್ಬರಿನ ಚೆಂಡು ಕೊಟ್ಟಿದ್ದರು. ಅದರ ಮೇಲೆ ನಗುವ ಮುಖವೊಂದನ್ನು ಬರೆದಿದ್ದರು. ಸಾಹೇಬರು ಅದನ್ನು ಮೊಮ್ಮಗಳಿಗೆ ಕೊಟ್ಟು ಗೋಡೆ ನೋಡುತ್ತ ಕೂತರು. ಊಟ ಅರ್ಧ, ಮಾತು ಕಾಲು. ಹೀಗೇ ಇರುವಾಗ ಒಂದು ಭಾನುವಾರ ಅಕ್ಕಾರ ಫೋನು ಬಂತು. "ತಂಗಿ, ನಿಮ್ಮ ಸಾಹೇಬ್ರು ಬೆಳಿಗ್ಗಿಂದ ಸೂಜಿ ಕೇಳ್ತಿದಾರೆ. ನಂಗೆ ಯಾಕೋ ಹೆದ್ರಿಕೆ ಆಗೈತೆ, ಒಂದೀಟು ಬರ್ತೀಯಾ?"

ಹೋದೆ. ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವರ ಮನೆ. ನಡುಮನೆಯಲ್ಲಿ ಸಾಹೇಬರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಂದೆ ಹಳೇ ಸೀರೆ, ಪಂಚೆ, ದಿಂಬಿನ ಚೀಲ ಎಲ್ಲ ಒಂದರ ಮೇಲೊಂದು ಹಾಸಿತ್ತು. ಅಕ್ಕಾರು ಸೂಜಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದರು. ಕೌದಿ ಹೊಲಿಯುತ್ತೇನೆ ಎಂದರು ಸಾಹೇಬರು. ನಾನು ನಗಲಿಲ್ಲ, ಆದರೆ ಅಕ್ಕಾರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು.

ಆಮೇಲೆ ತಿಳಿದ ಕಥೆ ಇದು. ಅವರ ತಾಯಿಗೆ ಸಾಲಾಗಿ ಗಂಡುಮಕ್ಕಳು, ಹೆಣ್ಣು ಒಂದೂ ಇಲ್ಲ. ಬೇಸಿಗೆಯಲ್ಲಿ ಕೌದಿ ಹೊಲಿಯಲು ಜೊತೆಗೆ ಕೂರುವವರು ಬೇಕಲ್ಲ, ಕೊನೆಯವನನ್ನು ಕೂರಿಸಿಕೊಂಡರು. ಹುಡುಗನ ಕೈ ತಾಯಿಯ ಕೈಗಿಂತ ಚೊಕ್ಕಟವಾಯಿತು. ಓಣಿಯವರು ಕರೆದು ಮೂಲೆ ಹೊಲಿಸಿಕೊಳ್ಳುವಷ್ಟಾಯಿತು. ನೌಕರಿ ಸಿಕ್ಕ ವರ್ಷ ಭಾವಮೈದುನರಾಗುವವರು ಮನೆ ನೋಡಲು ಬಂದಾಗ ಇವರು ಕೌದಿಯ ಮೇಲೆ ಕೂತು ದಾರ ಎಳೆಯುತ್ತಿದ್ದರಂತೆ. ಗುಮಾಸ್ತ ಅಂದಿದ್ದಿರಿ, ಇದೇನು ಮದುಮಗಳನ್ನು ತೋರಿಸುತ್ತಿದ್ದೀರಿ ಎಂದು ಅವರಲ್ಲೊಬ್ಬ ನಗೆಯಾಡಿದ. ಅವತ್ತು ಸೂಜಿ ಚುಚ್ಚಿಟ್ಟವರು ಮತ್ತೆ ಮುಟ್ಟಲಿಲ್ಲ. ತಾಯಿ ತೀರಿಕೊಳ್ಳುವ ತನಕ ಕರೆದರೂ ಕೂರಲಿಲ್ಲ. ಕೈಯ ತುರಿಕೆ ಮಾತ್ರ ಹೋಗಿರಲಿಲ್ಲ. ನಮ್ಮ ಕಡತಗಳಿಗೆ ದಬ್ಬಣ ಬಂದದ್ದು ಅಲ್ಲಿಂದ.

ಅಕ್ಕಾರಿಗೆ ಇದೊಂದೂ ತಿಳಿದಿರಲಿಲ್ಲವೇ ಎಂದರೆ, ಒಂದು ಸುಳಿವು ಸಿಕ್ಕಿತ್ತು. ಮದುವೆಯಾದ ಹೊಸತರಲ್ಲಿ ಅವರು ತವರಿಂದ ಒಂದು ಕೌದಿ ತಂದಿದ್ದರು, ಅವರ ತಾಯಿ ಹೊಲಿದದ್ದು. ಗಂಡ ಅದನ್ನು ಒಮ್ಮೆ ತಿರುಗಿಸಿ ನೋಡಿ, ಈ ಮೂಲೆಯ ಹೊಲಿಗೆ ಸಡಿಲ ಐತೆ ಎಂದರಂತೆ. ತವರಿನ ಕೌದಿಗೆ ಕೊಂಕು ತೆಗೆದನಲ್ಲ ಎಂದು ಅಕ್ಕಾರು ಎರಡು ದಿನ ಮಾತು ಬಿಟ್ಟಿದ್ದರು. "ಗಂಡಸ್ರು ಕೌದಿ ಮೂಲೆ ನೋಡ್ತಾರಂತ ನಂಗೇನು ಗೊತ್ತಿತ್ತು ತಂಗಿ" ಎಂದು ಈಗ ನಗುತ್ತಿದ್ದರು.

ಕೌದಿಗೆ ಎರಡು ಕೈ ಬೇಕು. ಒಂದು ಮೇಲಿನಿಂದ ಸೂಜಿ ಹಾಯಿಸಬೇಕು, ಇನ್ನೊಂದು ಬಟ್ಟೆಯನ್ನು ಬಿಗಿಯಾಗಿ ಹಿಡಿದು ಸುಕ್ಕು ಬೀಳದಂತೆ ನೋಡಿಕೊಳ್ಳಬೇಕು. ಇವರು ಬಟ್ಟೆಯ ಒಂದು ಅಂಚಿನ ಮೇಲೆ ಒರಳಿನ ಗುಂಡು ಇಟ್ಟರು, ಇನ್ನೊಂದು ಅಂಚನ್ನು ತಮ್ಮ ಎಡಗಾಲಿನಿಂದ ಒತ್ತಿ ಹಿಡಿದರು. ದಾರ ಪೋಣಿಸುವುದೇ ದೊಡ್ಡ ಪಾಡು. ಅದಕ್ಕೆ ಮೈಸೋಪಿನ ಬಿಲ್ಲೆಯೊಂದನ್ನು ಗೋಡೆಯ ಗೂಡಿನಲ್ಲಿಟ್ಟು ಅದಕ್ಕೆ ಸೂಜಿಯನ್ನು ನೆಟ್ಟಗೆ ಚುಚ್ಚಿ, ಬಲಗೈಯಲ್ಲಿ ದಾರ ಹಿಡಿದು ಕಣ್ಣಿಗೆ ಗುರಿಯಿಡುತ್ತಿದ್ದರು. ಸೋಪು ಹತ್ತಿದ ಸೂಜಿ ಬಟ್ಟೆಯೊಳಗೆ ಸಲೀಸಾಗಿ ಇಳಿಯುತ್ತಿತ್ತು. ಆ ಮನೆಯ ಕೌದಿಗಳಿಗೆಲ್ಲ ಒಂದು ತೆಳುವಾದ ಸೋಪಿನ ವಾಸನೆ. ನಾನೋ ಸೊಸೆಯೋ ಪೋಣಿಸಿಕೊಡಲು ಹೋದರೆ ಬೇಡವೆನ್ನುತ್ತಿದ್ದರು.

ಮೊದಲ ಕೌದಿ ಮುಗಿಯಲು ಬೇಸಿಗೆ ಪೂರ್ತಿ ಬೇಕಾಯಿತು. ಅದನ್ನು ಹೆಂಡತಿಯ ಮುಂದಿಟ್ಟರು. ಅಕ್ಕಾರು ಕೈಯಾಡಿಸಿ ನೋಡಿ, ನನಗೆ ಮನೆಯಲ್ಲಿ ಮಂಚ ಇದೆ, ಅಲ್ಲಿ ಪೇಪರಿನ ಮೇಲೆ ಮಲಗುವವರಿಗೆ ಕೊಡಿ ಎಂದರು. ಸಾಹೇಬರಿಗೂ ಮನಸ್ಸಿನಲ್ಲಿ ಇದ್ದದ್ದು ಅದೇ ಇರಬೇಕು, ಆದರೆ ಮೊದಲನೆಯದು ಹೆಂಡತಿಗೆ ಎಂದುಕೊಂಡಿದ್ದರು. ಅವರ ಮುಖ ಸ್ವಲ್ಪ ಸಣ್ಣದಾದದ್ದನ್ನು ನಾನು ಕಂಡೆ. ಆಮೇಲೆ, ಹಾಗಾದರೆ ಆ ಮೊಗಸಾಲೆಯವರಿಗೇ ಹೊಲಿಯುತ್ತೇನೆ, ಒಯ್ಯುವವರು ಊರಿಗೆ ಒಯ್ಯಲಿ, ಬಿಡುವವರು ಮುಂದಿನವರಿಗೆ ಬಿಡಲಿ ಎಂದರು. ದಾವಣಗೆರೆಗೆ ಸಾಗಿಸುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು.

ಬಟ್ಟೆ ಕೂಡಿಸುವುದೂ ನನಗೇ ಬಂತು. ಪಿ.ಜೆ. ಬಡಾವಣೆಯ ಟೈಲರೊಬ್ಬ ಚೀಲಗಟ್ಟಲೆ ತುಂಡು ಕೊಟ್ಟ. ಸಾಹೇಬರು ಅದರಲ್ಲಿ ಮುಕ್ಕಾಲು ಭಾಗ ಎತ್ತಿ ಬದಿಗೆ ಹಾಕಿದರು. ಪಾಲಿಸ್ಟರ್ ಬೇಡ, ಮಿನುಗುವುದು ಬೇಡ, ಹೊಸದಂತೂ ಬೇಡವೇ ಬೇಡ. "ಹೊಸ ಬಟ್ಟೆಗೆ ನಿದ್ದೆ ಗೊತ್ತಿರಲ್ಲ ತಂಗಿ. ಹತ್ತು ವರ್ಷ ಯಾರಾದ್ರೂ ಉಟ್ಟಿರ್ಬೇಕು, ಒಗೆದಿರ್ಬೇಕು" ಎನ್ನುತ್ತಿದ್ದರು. ಕಚೇರಿಯಲ್ಲಿ ಮೇಡಂ ಆಗಿದ್ದ ನಾನು ಯಾವಾಗ ತಂಗಿ ಆದೆನೋ ಗೊತ್ತಾಗಲಿಲ್ಲ. ಆನೆಕೊಂಡದ ನನ್ನ ಚಿಕ್ಕಮ್ಮನ ಟ್ರಂಕಿನಲ್ಲಿ, ಇಲ್ಲಿನ ಮಿಲ್ಲುಗಳು ನಡೆಯುತ್ತಿದ್ದ ಕಾಲದ ಹತ್ತಿ ಸೀರೆಗಳಿದ್ದವು. ಅವನ್ನು ತಂದುಕೊಟ್ಟಾಗ ಸಾಹೇಬರು ಕೆನ್ನೆಗೆ ಒತ್ತಿಕೊಂಡು ನೋಡಿದರು. ತಮ್ಮ ಬಡ್ತಿಯ ಆದೇಶ ಬಂದಾಗಲೂ ಅವರ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ.

ಆದರೆ ಹೊಲಿಗೆಯ ಸಾಲುಗಳು ಸೊಟ್ಟ. ಅಂಚಿನ ಉದ್ದಕ್ಕೂ ನೆಟ್ಟಗೆ ಹೊರಟದ್ದು ಅರ್ಧದಲ್ಲಿ ಕಾಲು ಜಾರಿದ ಕಡೆ ವಾಲಿ, ಮತ್ತೆ ದಾರಿಗೆ ಬರುತ್ತಿತ್ತು. ಒಂದು ಎಳೆ ವಾಲಿದರೆ ನಮ್ಮ ಜೀವ ತಿಂದ ಮನುಷ್ಯ ಇದನ್ನು ಹೇಗೆ ಸಹಿಸುತ್ತಾರೆ ಎಂದು ನನಗೆ ಒಳಗೊಳಗೇ ಕುತೂಹಲ. ಒಂದು ದಿನ ಸಲಿಗೆ ತೆಗೆದುಕೊಂಡು, "ಬಿಚ್ಚಿ ಹೊಲೀರಿ ಸರ್" ಎಂದೆ. ಅವರು ತಲೆಯೆತ್ತಿ ಕನ್ನಡಕದ ಮೇಲಿನಿಂದ ನೋಡಿದರು. ನನಗೆ ಹಳೇ ಭಯ ಒಮ್ಮೆ ಬಂದು ಹೋಯಿತು. ಆಮೇಲೆ ಅವರು ನಕ್ಕರು, ಬಾಯಿಯ ಒಂದೇ ಕಡೆಯಿಂದ. "ಇದನ್ನ ಬಿಚ್ಚೋರಿಲ್ಲ ಬಿಡು. ಹೊದ್ಕೊಳ್ಳೋರು ಅದಾರೆ" ಎಂದರು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಮೂರು ಮೂಲೆ ಹೊಲಿದು ನಾಲ್ಕನೆಯದಕ್ಕೆ ಬಂದಾಗ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು, ನೀರು ತಾ, ಚಹಾ ಆಯಿತಾ ನೋಡು ಎಂದು ಏನಾದರೊಂದು ನೆವ. ಮರಳುವಷ್ಟರಲ್ಲಿ ಮೂಲೆ ಮುಚ್ಚಿರುತ್ತಿತ್ತು. ಇಳಿವಯಸ್ಸಿನ ಕಿರಿಕಿರಿ ಎಂದುಕೊಂಡು ನಾನು ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹೊರೆ ಕೌದಿ ಸೇರಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಹೇರಿಕೊಂಡು ಕೂತರೆ ಕಂಡಕ್ಟರನಿಗೆ ನನ್ನ ಮುಖವೇ ಕಾಣಲಿಲ್ಲ. ಮೇಡಂ, ಸಂಸಾರ ಸಮೇತ ಹೊಂಟೀರೇನು ಎಂದು ಕೌದಿಗಳನ್ನು ಕೇಳಿದ. ವಾರ್ಡಿನ ಹಿರಿಯ ಸಿಸ್ಟರು ಖಡಕ್ಕು ಹೆಂಗಸು. ಮೊದಲು ಹುಬ್ಬು ಗಂಟಿಕ್ಕಿ, ಇವನ್ನೆಲ್ಲ ಯಾರು ಒಗೆಯುತ್ತಾರೆ ಎಂದು ಕೇಳಿ, ಕೊನೆಗೆ ಯಾಕೋ ಮನಸ್ಸು ಕರಗಿ ಒಂದು ಕಪಾಟು ಖಾಲಿ ಮಾಡಿಸಿ ಇಡಿಸಿಕೊಂಡರು. ನಾನು ಬೀಗುತ್ತ ಮನೆಗೆ ಬಂದೆ.

ವಾರ ತುಂಬುವುದರೊಳಗೆ ಸಿಸ್ಟರಿಂದ ಫೋನು. ಹೋಗಿ ನೋಡಿದರೆ ಕೌದಿಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಬಿಸಾಡಿದ್ದರು. ಗೋಡೆಯಿಂದ ಇಳಿದ ಕೆಂಪಿರುವೆಯ ಸಾಲು ಒಂದೊಂದು ಕೌದಿಯ ಒಂದೊಂದು ಮೂಲೆಗೆ ಹೋಗಿ ಮುಟ್ಟುತ್ತಿತ್ತು. ಬೇರೆ ಮೂರೂ ಮೂಲೆ ಬಿಟ್ಟು ಅದೇ ನಾಲ್ಕನೆಯ ಮೂಲೆಗೆ. ಇರುವೆ ಒಬ್ಬ ರೋಗಿಯ ಮಂಚದ ತನಕ ಹೋಗಿದ್ದವಂತೆ. ಇದರೊಳಗೆ ತಿನ್ನುವುದೇನೋ ಇದೆ, ನಿಮ್ಮ ಅಜ್ಜನನ್ನು ಕೇಳಿ, ಇನ್ನು ಇವು ನನ್ನ ವಾರ್ಡಿಗೆ ಬರಬಾರದು ಎಂದರು ಸಿಸ್ಟರು. ಅವರ ಮಾತು ತಪ್ಪೂ ಅಲ್ಲ. ಕತ್ತರಿ ಇಸಿದುಕೊಂಡು ಒಂದು ಮೂಲೆ ಬಿಚ್ಚಿದೆ. ಒಳಗೆ ಒಂದು ಚೂರು ಜೋಳದ ರೊಟ್ಟಿ, ಅದರ ಮೇಲೆ ಕರಗಿ ಅಂಟಿದ ಬೆಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದೇ ಸಂಜೆ ಹರಿಹರದ ಬಸ್ಸು ಹತ್ತಿದೆ. ಮಂಡಕ್ಕಿಯನ್ನು ಚಮಚದಲ್ಲಿ ತಿಂದ ನೀವು ಆಸ್ಪತ್ರೆಗೆ ಕೊಡುವ ಬಟ್ಟೆಯಲ್ಲಿ ರೊಟ್ಟಿ ಬೆಲ್ಲ ಇಟ್ಟು ಹೊಲಿಯುತ್ತೀರಲ್ಲ ಎಂದು, ಬುದ್ಧಿ ಇದೆಯಾ ಎಂಬ ಮಾತೊಂದನ್ನು ಬಿಟ್ಟು, ಉಳಿದದ್ದನ್ನೆಲ್ಲ ಅಂದುಬಿಟ್ಟೆ. ಅವರು ಸೂಜಿಯನ್ನು ಸೋಪಿಗೆ ಚುಚ್ಚಿಟ್ಟರು.

"ನಮ್ಮವ್ವ ಹಂಗೇ ಮಾಡ್ತಿದ್ಲು ತಂಗಿ. ಹಸಿದ ಕೌದಿ ಯಾರ ಕೈಗೂ ಕೊಡಬಾರ್ದು ಅಂತಿದ್ಲು. ಅದರ ಹೊಟ್ಟೆ ಖಾಲಿ ಇದ್ರೆ ಹೊದ್ಕೊಂಡೋರ ನಿದ್ದೆ ತಿಂತೈತೆ."

ರೊಟ್ಟಿ ಬಿಟ್ಟು ಹೊಲಿಯಿರಿ ಎಂದೆ. ಆಗುವುದಿಲ್ಲ ಎಂದರು. ಬೆಲ್ಲವಾದರೂ ಬಿಡಿ ಎಂದೆ, ಒಣ ರೊಟ್ಟಿ ಯಾರಿಗೆ ಬಡಿಸುತ್ತಾರೆ ಎಂದರು. ರೊಟ್ಟಿಯಂತೆ ದುಂಡಗೆ ಒಂದು ಬಿಳಿ ತುಂಡು ಕತ್ತರಿಸಿ ಮೂಲೆಗೆ ಹಚ್ಚಿದರೆ ಆಯಿತಲ್ಲ ಎಂದೆ. ಅದು ಊಟದ ಬದಲು ಊಟದ ಆದೇಶದ ನಕಲು ಕೊಟ್ಟಂತೆ ಎಂದರು. ಮನೆಯಲ್ಲಾದರೆ ಕೌದಿಯನ್ನು ಬಿಸಿಲಿಗೆ ಹಾಕಿ ಹಾಕಿ ತೆಗೆಯುತ್ತಾರೆ, ಇರುವೆ ಕೂರುವುದಿಲ್ಲ, ಆಸ್ಪತ್ರೆಯ ಕಪಾಟಿನ ಸಂಗತಿ ಅವರ ತಲೆಗೇ ಹೊಳೆದಿರಲಿಲ್ಲ. ತಪ್ಪು ಅವರಿಗೂ ಗೊತ್ತಾಗಿತ್ತು. ಇರುವೆ ಹತ್ತಿದ ರೋಗಿ ಹೇಗಿದ್ದಾನೆ ಎಂದು ಮೂರು ಸಲ ಕೇಳಿದರು. ಆದರೆ ಹಸಿದ ಕೌದಿ ಹೊಲಿಯಲು ಮಾತ್ರ ಕೈ ಬರುವುದಿಲ್ಲ ಎಂದರು. ಹೊಲಿಯುವುದನ್ನೇ ಬಿಟ್ಟರು.

ಬಿಟ್ಟದ್ದು ಕೌದಿಯನ್ನು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ನೆಲದಿಂದ ಎದ್ದು ಮಂಚಕ್ಕೆ ಹೋದರು. ಊಟ ಮತ್ತೆ ಅರ್ಧ, ಮಾತು ಮತ್ತೆ ಕಾಲು. ಬಟ್ಟೆ ಒತ್ತಿ ಹಿಡಿದು ಸ್ವಲ್ಪ ಗಟ್ಟಿಯಾಗಿದ್ದ ಎಡಗಾಲು ಮತ್ತೆ ಎಳೆಯತೊಡಗಿತು. ಅಕ್ಕಾರು ಫೋನಿನಲ್ಲಿ ಅತ್ತರು. ಗಂಡನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆ ಸೂಜಿ, ಈಗ ಅದೂ ಹೋಯಿತು, ಇನ್ನು ಏನಿಟ್ಟುಕೊಂಡು ಎಬ್ಬಿಸಲಿ ಎಂದು. ಇತ್ತ ಚಳಿ ಶುರುವಾಗಿತ್ತು. ಕಟ್ಟೆಯ ಮೇಲಿನ ಕೌದಿಗಳನ್ನು ನಾನು ಮನೆಗೆ ತಂದು, ಮೂಲೆ ಬಿಚ್ಚಿ ರೊಟ್ಟಿ ತೆಗೆದು, ಒಗೆದು ಒಣಗಿಸಿ, ಹೇಗೋ ಹೊಲಿದು ಅವರಿಗೆ ಹೇಳದೆ ಸಿಸ್ಟರಿಗೆ ಕೊಟ್ಟುಬಂದೆ. ಅವರು ಬಯ್ಯುತ್ತಲೇ ತೆಗೆದುಕೊಂಡರು.

ಆ ತಿಂಗಳ ಕೊನೆಗೆ ಸಾಹೇಬರನ್ನು ತಪಾಸಣೆಗೆ ಕರೆತಂದರು. ಮಗ ಕಾರು ನಿಲ್ಲಿಸಲು ಹೋದ, ನಾವು ಮೂವರು ಮೊಗಸಾಲೆಯಲ್ಲಿ ಕೂತೆವು. ಎದುರಿಗೆ ಜಗಳೂರು ಕಡೆಯ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಡ. ಕೆಳಗೆ ಹಾಸಿದ್ದದ್ದು ನಮ್ಮ ಕೌದಿ, ನನ್ನ ಚಿಕ್ಕಮ್ಮನ ಹಸಿರು ಸೀರೆಯದು. ಸಾಹೇಬರು ಅದನ್ನು ನೋಡಿದರು, ಅದರ ನಾಲ್ಕನೆಯ ಮೂಲೆಯ ನನ್ನ ಹೊಲಿಗೆಯನ್ನೂ ನೋಡಿದರು. ನನಗೆ ಎಲ್ಲಿ ಅಡಗಲಿ ಎನಿಸಿತು. ಅಕ್ಕಾರು ಆ ಹೆಂಗಸನ್ನು ಮಾತಾಡಿಸಿದರು. ಗಂಡನಿಗೆ ತಲೆಗೆ ಪೆಟ್ಟು, ಯಾವ ಹೊತ್ತಿಗೆ ಹೆಸರು ಕೂಗುತ್ತಾರೋ ಎಂದು ಜಾಗ ಬಿಟ್ಟು ಏಳುವಂತಿಲ್ಲ, ನಿನ್ನೆಯಿಂದ ಚಹಾ ಬನ್ನಿನ ಮೇಲೇ ಇದ್ದೇನೆ ಎಂದಳು. ಹಾಸಿಗೆ ಮೆತ್ತಗಿದೆಯಲ್ಲ, ನಿದ್ದೆಯಾದರೂ ಬಂತೇ ಎಂದು ಕೇಳಿದರು ಅಕ್ಕಾರು.

"ಎಲ್ಲಿ ನಿದ್ದೆ ಬರ್ತೈತವ್ವ, ಹೊಟ್ಟಿ ಖಾಲಿ ಐತೆ" ಎಂದಳು.

ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಅಕ್ಕಾರು ಅಷ್ಟರಲ್ಲಾಗಲೇ ಚೀಲಕ್ಕೆ ಕೈಹಾಕಿದ್ದರು. ನಮ್ಮ ಮಧ್ಯಾಹ್ನಕ್ಕೆಂದು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲ ಆ ಹೆಂಗಸಿನ ಮಡಿಲಿಗೆ ಹೋಯಿತು. ಅವಳು ಬೇಡವೆಂದಳು, ಆಮೇಲೆ ತಿಂದಳು, ತಿನ್ನುತ್ತ ಅತ್ತಳು. ಹೆಸರು ಕೂಗಿದರೆ ಎಬ್ಬಿಸುತ್ತೇನೆ, ಒಂದೀಟು ಅಡ್ಡಾಗು ಎಂದರು ಅಕ್ಕಾರು. ಕೌದಿಯ ಮೇಲೆ ಬಿದ್ದವಳು ಆ ಗದ್ದಲದ ನಡುಹಗಲಲ್ಲಿ ಸತ್ತಂತೆ ನಿದ್ದೆ ಹೋದಳು. ಸಾಹೇಬರು ತಮ್ಮ ನಂಬರು ಕೂಗುವ ತನಕ ಅವಳನ್ನೇ ನೋಡುತ್ತ ಕೂತಿದ್ದರು. ಡಾಕ್ಟರನ್ನು ಕಂಡು ಹೊರಬಂದ ಮೇಲೆ ಅವರು ಆಡಿದ ಮೊದಲ ಮಾತು, ಇನ್ನೂ ಅಷ್ಟು ರೊಟ್ಟಿ ಬಡಿಯಲು ಆಗುತ್ತದೆಯೇ ಎಂದು. ಕೇಳಿದ್ದು ಹೆಂಡತಿಯನ್ನು.

ಮುಂದಿನ ಸಲ ನಾನು ಹೋದಾಗ ಅವರು ಮತ್ತೆ ನೆಲದ ಮೇಲಿದ್ದರು. ನಾಲ್ಕನೆಯ ಮೂಲೆಯನ್ನು ನನ್ನ ಎದುರಿಗೇ ಹೊಲಿದರು, ಒಳಗೆ ಏನೂ ಇಡಲಿಲ್ಲ. ಕೊನೆಗೆ ಉಳಿದ ದಾರವನ್ನು ಕತ್ತರಿಸದೆ ಗೇಣುದ್ದ ಬಿಟ್ಟು, ಆ ದಾರದಿಂದ ಬಟ್ಟೆಯ ಗಂಟೊಂದನ್ನು ಕೌದಿಯ ಹೊರಗೇ ಕಟ್ಟಿದರು. ಗಂಟಿನಲ್ಲಿ ಎರಡು ಖಡಕ್ ರೊಟ್ಟಿ, ಒಂದು ಉಂಡೆ ಬೆಲ್ಲ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ತಿಂದ ಮೇಲೇ ಕೌದಿ ಹಾಸಬೇಕು ಎಂದು ಹೇಳಿ ಕೊಡು ಎಂದರು. ಸಿಸ್ಟರಿಗೆ ವಿಷಯ ತಿಳಿಸಿದಾಗ ಅವರು ಒಂದು ಗಂಟು ಬಿಚ್ಚಿ ಒಳಗೆ ನೋಡಿದರು. ಆಮೇಲೆ, ತಿನ್ನುವುದು ಬಾಗಿಲ ಹೊರಗೆ, ರೊಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ, ಗಂಟು ಕೌದಿ ಕೊಡುವಾಗಲೇ ಕಟ್ಟಿ ಎಂದು ಕಟ್ಟುನಿಟ್ಟು ಮಾಡಿ, ಆ ಕಪಾಟನ್ನು ಮತ್ತೆ ಕೊಟ್ಟರು.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಾಹೇಬರ ತಾಯಿಯ ಮಾತು ಉಳಿದದ್ದು ಅಕ್ಕಾರ ತೋಳಿನ ಬಲದಿಂದ. ಬಿಟ್ಟುಹೋದ ಕೌದಿಗೂ ಹೊಸ ಗಂಟು ಬೇಕೆಂದು ವಾರಕ್ಕೊಮ್ಮೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ಅವರು. ಆಸ್ಪತ್ರೆಯವರ ಬಾಯಲ್ಲಿ ಹೆಸರು ಮಾತ್ರ ಕೌದಿ ಅಜ್ಜನದು. ನಾನು ಹೀಗೆಂದು ಜಗಳ ತೆಗೆದರೆ ಅಕ್ಕಾರು, "ನಿಮ್ಮ ಸಾಹೇಬ್ರು ಕೌದಿ ಒಂದು ಹೊಲಿಯೋದ್ರಾಗೆ ನನ್ನ ರೊಟ್ಟಿ ಒಂದು ಬುಟ್ಟಿ ಖರ್ಚಾಗಿರ್ತೈತೆ, ಜನ ಕೇಳೋದು ಯಾವುದು ಅಂತ ಅವರಿಗೂ ಗೊತ್ತು" ಎಂದು ಗಂಡನಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಸಾಹೇಬರು ಕೇಳಿಸದವರಂತೆ ದಾರ ಎಳೆಯುತ್ತಿದ್ದರು. ಬಾಯಿಯ ಆ ಒಂದು ಕಡೆ ಮಾತ್ರ ನಗುತ್ತಿತ್ತು.

ಎರಡು ಚಳಿಗಾಲ ಹೀಗೆ ನಡೆಯಿತು. ಕಣ್ಣು ಮಂಜಾಯಿತು, ಸೋಪಿನ ಮೇಲಿನ ಸೂಜಿಗೆ ದಾರ ತಾಗಿಸಲು ಬೆಳಗಿನ ಬಿಸಿಲಿಗೆ ಕಾಯಬೇಕಾಯಿತು. ಕೌದಿಗಳು ಸಣ್ಣವಾದವು, ಸಾಲುಗಳು ಇನ್ನಷ್ಟು ವಾಲಿದವು. ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಹೋದಾಗ ಅವರು ಹೊಲಿಯುತ್ತಿದ್ದದ್ದು ಯಾಕೋ ಬೇರೆ ಥರ ಕಂಡಿತು. ಬಹಳ ದಪ್ಪ. ನೋಡಿದರೆ ನಡುವಿನ ಪದರಕ್ಕೆ ಅಕ್ಕಾರು ತವರಿಂದ ತಂದ ಆ ಹಳೇ ಕೌದಿಯನ್ನೇ ಇಟ್ಟಿದ್ದರು. ಮೇಲಿನ ಪದರದಲ್ಲಿ ತಾವು ಕಚೇರಿಗೆ ಹಾಕುತ್ತಿದ್ದ ಬಿಳಿ ಅಂಗಿಗಳು, ಬಸ್ಸಿನ ಸೀಟಿಗೆ ಹಾಸುತ್ತಿದ್ದ ಕರವಸ್ತ್ರಗಳು. ಇದು ಆಸ್ಪತ್ರೆಗೆ ಅಲ್ಲ ಎಂದರು. ಅಡುಗೆಮನೆ ಕಡೆ ಗಲ್ಲ ತಿರುಗಿಸಿ ತೋರಿಸಿ, "ಈ ಸಲ ಬ್ಯಾಡ ಅನ್ನಂಗಿಲ್ಲ ಅಂತ ಹೇಳೀನಿ" ಎಂದರು. ಆಸ್ಪತ್ರೆಯವನ್ನು ನಡುವೆ ನಿಲ್ಲಿಸದೆ ಇದನ್ನೂ ಹೊಲಿಯಬೇಕಿತ್ತು, ಅದಕ್ಕೆ ದಿನಕ್ಕೆ ಒಂದೋ ಎರಡೋ ಸಾಲು.

ಕಳೆದ ತಿಂಗಳು ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ದಾವಣಗೆರೆಯ ತನಕ ಬರಲೂ ಇಲ್ಲ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ಹೋದೆ. ಅಕ್ಕಾರು ಒಳಗಿಂದ ಆ ಕೌದಿ ತಂದು ನಡುಮನೆಯಲ್ಲಿ ಹಾಸಿದರು. ಮೂರು ಮೂಲೆ ಮುಚ್ಚಿತ್ತು. ನಾಲ್ಕನೆಯದು ತೆರೆದೇ ಇತ್ತು. ಒಳಗಿನಿಂದ ತವರಿನ ಕೌದಿಯ ಸಡಿಲ ಮೂಲೆ ಇಣುಕುತ್ತಿತ್ತು, ಅದನ್ನು ಮಾತ್ರ ಅವರು ಮೊದಲೇ ಬಿಗಿ ಮಾಡಿ ಹೊಲಿದಿದ್ದರು. ಸೋಪು ಗೂಡಿನಲ್ಲೇ ಇತ್ತು, ಸೂಜಿ ಅದರಲ್ಲೇ, ದಾರ ಪೋಣಿಸಿದ್ದು ಹಾಗೆಯೇ. ನನ್ನ ಕಣ್ಣು ಚೆನ್ನಾಗಿಲ್ಲ, ನೀನು ಮುಚ್ಚಿಕೊಡು ಎಂದರು ಅಕ್ಕಾರು. ನನ್ನ ಹೊಲಿಗೆ ಎಂಥದ್ದೆಂದು ಅವರಿಗೆ ಗೊತ್ತಿಲ್ಲದೇ ಇರಲಿಲ್ಲ.

ನಾನು ಸೂಜಿ ಕಿತ್ತುಕೊಂಡು ಕೂತೆ. ಅಕ್ಕಾರು ಅಡುಗೆಮನೆಗೆ ಹೋಗಿ ಬಂದರು. ಅವರ ಅಂಗೈಯಲ್ಲಿ ಒಂದು ಚೂರು ರೊಟ್ಟಿ, ಅದರ ಮೇಲೆ ಬೆಲ್ಲ. ಬಗ್ಗಿ ಅದನ್ನು ಮೂಲೆಯೊಳಗೆ ಆಳಕ್ಕೆ ತಳ್ಳಿದರು.

"ಇರುವೆ ಬರ್ತಾವಲ್ರೀ ಅಕ್ಕಾರ" ಎಂದೆ.

"ಬರ್ಲಿ ಬಿಡು ತಂಗಿ. ಒಬ್ಬಾಕೇ ಮಲಗೋದಕ್ಕಿಂತ ಅವೂ ಇರ್ಲಿ."

ನಾನು ಮೂಲೆ ಹೊಲಿದೆ. ಕಣ್ಣಲ್ಲಿ ನೀರು ತುಂಬಿ ಸಾಲು ಪೂರ್ತಿ ಸೊಟ್ಟಗೆ ಬಂತು. ದಾರ ಕಡಿದು, ಅಭ್ಯಾಸದಿಂದ, ಕೌದಿಯನ್ನು ಅವರು ಕೂರುತ್ತಿದ್ದ ಗೋಡೆಯ ಕಡೆಗೆ ತಳ್ಳಿದೆ. ಬಿಚ್ಚಿ ಹೊಲೀರಿ ಎನ್ನುವವರು ಅಲ್ಲಿ ಇರಲಿಲ್ಲ.